ಮೇಲೆ ಬಿಟ್ಟ ನಾಲ್ಕು ಗೆರೆ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು.’ ಈ ಒಂದು ವಾಕ್ಯವನ್ನು ಮಕ್ಕಳ ಕೈಬರಹದಲ್ಲಿ ಎಷ್ಟು ಸಲ ಓದಿರಬಹುದು ಅಂತ ಮೊನ್ನೆ ಲೆಕ್ಕ ಹಾಕಿದೆ. ವರ್ಷಕ್ಕೆ 35 ಮಕ್ಕಳು, ಐದಾರು ಪರೀಕ್ಷೆ, 22 ವರ್ಷದ ಸರ್ವಿಸು. ಕಡಿಮೆ ಹಿಡಿದರೂ ನಾಲ್ಕು ಸಾವಿರದ ಹತ್ತಿರ ಬಂತು. ಯಾವ ಗಾದೆ ಕೊಟ್ಟರೂ ವಿಸ್ತರಣೆ ಇದರಿಂದಲೇ ಶುರು. ಒಬ್ಬ ಪುಣ್ಯಾತ್ಮ ‘ಅಜ್ಜನ ಸಾವಿಗೆ ರಜೆ ಕೋರಿ ಪತ್ರ’ವನ್ನೂ ಹೀಗೇ ಆರಂಭಿಸಿದ್ದ. ಸ್ಟಾಫ್ ರೂಮಿನಲ್ಲಿ ಓದಿ ಹೇಳಿ ಎಲ್ಲರನ್ನೂ ನಗಿಸಿದೆ. ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ‘ಇದನ್ನ ಬಾಯಿಪಾಠ ಮಾಡ್ಕೊಳ್ಳಿ, ಯಾವುದಕ್ಕಾದ್ರೂ ಆಗುತ್ತೆ’ ಅಂದವನು ನಾನೇ ಅನ್ನುವುದನ್ನು ಮಾತ್ರ ಅಲ್ಲಿ ಹೇಳಲಿಲ್ಲ.

ಚಳ್ಳಕೆರೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿವರೆಗೆ ಕನ್ನಡ ನನ್ನದು. ಪೀರಿಯಡ್ಡು 40 ನಿಮಿಷ. ಹಾಜರಿ ಕರೆದು, ಗಲಾಟೆ ಅಡಗಿಸಿ, ವಿಷಯ ಬರೆಯುವಷ್ಟರಲ್ಲಿ ಹದಿನೈದು ನಿಮಿಷ ಹೋಗಿರುತ್ತದೆ. ಉಳಿದ 25 ನಿಮಿಷದಲ್ಲಿ ಒಂದು ಪ್ರಬಂಧ. ಮೊದಲ ವರ್ಷಗಳಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಬರುತ್ತಿತ್ತು. ಖಾಲಿ ಹಾಳೆ ಅಂದರೆ ಮಕ್ಕಳಿಗಿಂತ ನನಗೇ ಭಯ, ಯಾಕೆಂದರೆ ಪುಸ್ತಕ ನೋಡಲು ಮೇಲಿನವರು ಬರುತ್ತಾರೆ. ಅದಕ್ಕೇ ಒಂದು ಅಚ್ಚು ತಯಾರು ಮಾಡಿದೆ. ಪೀಠಿಕೆ ನಾಲ್ಕು ಗೆರೆ: ‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಎತ್ತಿಕೊಂಡು ವಿಷಯದ ಹೆಸರು ತುಂಬುವುದು. ವಿಷಯ ನಿರೂಪಣೆ ಎರಡು ಪ್ಯಾರಾ: ಒಂದರಲ್ಲಿ ಅನುಕೂಲ, ಇನ್ನೊಂದರಲ್ಲಿ ಅನನುಕೂಲ. ಉಪಸಂಹಾರ ಮೂರು ಗೆರೆ: ‘ಒಟ್ಟಿನಲ್ಲಿ ಹೇಳುವುದಾದರೆ’ ಅಂತ ಹಿಡಿದು ‘ನಮ್ಮೆಲ್ಲರ ಕರ್ತವ್ಯವಾಗಿದೆ’ ಅಂತ ಬಿಡುವುದು. ಗ್ರಂಥಾಲಯದಿಂದ ಹಿಡಿದು ಪ್ಲಾಸ್ಟಿಕ್‌ವರೆಗೆ ಎಲ್ಲಕ್ಕೂ ಸರಿಹೋಯಿತು.

‘ಉಪಸಂಹಾರ ಅಂದ್ರೆ ಅರ್ಧ ಕೊಲ್ಲೋದಾ ಸಾ?’ ಅಂತ ಆರನೇ ಕ್ಲಾಸಿನ ಒಬ್ಬ ಕೇಳಿದ್ದ. ತಲೆಹರಟೆ ಅಂತ ಕಿವಿ ಹಿಂಡಿದೆ. ಅವನ ಕಿವಿಗೆ ನಾನೊಂದು ಕ್ಷಮೆ ಬಾಕಿ ಇಟ್ಟಿದ್ದೇನೆ.

ಇದೆಲ್ಲ ಗೊತ್ತಿಲ್ಲದೆ ಮಾಡಿದ್ದಲ್ಲ, ತಪ್ಪೊಪ್ಪಿಗೆಯ ಕಷ್ಟ ಇರುವುದೇ ಇಲ್ಲಿ. ಬಿ.ಎಡ್. ಓದುವಾಗ ಎ.ಎನ್. ಮೂರ್ತಿರಾಯರ ‘ಹಗಲುಗನಸುಗಳು’ ನನ್ನ ದಿಂಬಿನ ಪಕ್ಕ ಇರುತ್ತಿತ್ತು. ಆ ಪ್ರಬಂಧಗಳಲ್ಲಿ ಪೀಠಿಕೆ ಎಲ್ಲಿ ಮುಗಿಯಿತು, ನಿರೂಪಣೆ ಎಲ್ಲಿ ಶುರುವಾಯಿತು ಅಂತ ಒಂದು ದಿನವೂ ಹುಡುಕಿದವನಲ್ಲ. ಓದುವ ಪ್ರಬಂಧವೇ ಬೇರೆ, ಬರೆಸುವ ಪ್ರಬಂಧವೇ ಬೇರೆ ಅಂತ ನನ್ನೊಳಗೇ ಒಂದು ಗೋಡೆ ಕಟ್ಟಿಕೊಂಡು ನೆಮ್ಮದಿಯಾಗಿದ್ದೆ.

2018ರ ಕೊನೆ. ಈರುಳ್ಳಿ ರೇಟು ನೆಲಕಚ್ಚಿದ ವರ್ಷ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಮೂರು ದಿನ ಬಂದಿರಲಿಲ್ಲ. ಸಂಜೆ ಬೈಕಿನಲ್ಲಿ ಹೋಗುವಾಗ ಅವರ ಮನೆ ಮುಂದೆ ನಿಲ್ಲಿಸಿದೆ. ಅಂಗಳದ ತುಂಬ ಈರುಳ್ಳಿ ರಾಶಿ, ಅರ್ಧಕ್ಕೆ ಟಾರ್ಪಾಲು ಹೊದಿಸಿದ್ದರು. ರೇಟು ಏರಲಿ ಅಂತ ಕಾದು ಕಾದು ಬುಡದಿಂದ ಕೊಳೆಯಲು ಶುರುವಾಗಿತ್ತು. ಆ ವಾಸನೆ ಮೂಗಿನಲ್ಲಿ ಕೂತರೆ ಸೋಪು ಹಾಕಿದರೂ ಹೋಗುವುದಿಲ್ಲ. ಹುಡುಗ, ಅವನ ತಾಯಿ, ಅಜ್ಜಿ ಮೂವರೂ ಕೂತು ಆರಿಸುತ್ತಿದ್ದರು.

‘ಮೇಲೆ ನೋಡಿದ್ರೆ ಗೊತ್ತಾಗಲ್ಲ ಸಾ’ ಅಂದ. ಒಂದು ಗಡ್ಡೆ ತೆಗೆದು ನನ್ನ ಕೈಗಿಟ್ಟ. ‘ಕತ್ತಿನ ಹತ್ರ ಹಿಂಗೆ ಅದುಮಬೇಕು. ಮೆತ್ತಗಿದ್ರೆ ಒಳಗೆ ಹೋಗಿರುತ್ತೆ. ಇಂಥದ್ದು ಒಂದು ಚೀಲದಾಗೆ ಉಳೀತು ಅಂದ್ರೆ ಬೆಂಗ್ಳೂರು ಮುಟ್ಟೋದ್ರಾಗೆ ಹತ್ತನ್ನ ಕೆಡಿಸ್ತೈತೆ.’ ಹಿಂದಿನ ವಾರ ಯಶವಂತಪುರಕ್ಕೆ ಹಾಕಿದ ಲೋಡಿನ ಕಥೆ ಹೇಳಿದ. ಲಾರಿ ಬಾಡಿಗೆ, ಹಮಾಲಿ, ಕಮಿಷನ್ನು, ಚೀಲದ ದುಡ್ಡು, ಎಲ್ಲ ಬೆರಳು ಮಡಚಿ ಎಣಿಸಿದ. ಕೊನೆಗೆ ಅಪ್ಪನ ಕೈಗೆ ಉಳಿದದ್ದು ಊರಿಗೆ ವಾಪಸು ಬರುವ ಬಸ್ ಚಾರ್ಜು. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದರೂ ಬಾಯಿ ಬಿಡದ ಹುಡುಗ ಹತ್ತು ನಿಮಿಷ ನಿಲ್ಲದೆ ಮಾತಾಡಿದ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕೊನೆಗಿಡಬೇಕು ಅನ್ನುವುದೆಲ್ಲ ಅವನಿಗೆ ಗೊತ್ತಿತ್ತು. ‘ನಾಳೆ ಟೆಸ್ಟೈತೆ, ತಪ್ಪಿಸ್ಬೇಡ’ ಅಂತ ಹೇಳಿ ಬೈಕು ಹತ್ತಿದೆ.

ಮನೆ ಮುಟ್ಟುವುದರೊಳಗೆ ಮರುದಿನದ ಪ್ರಬಂಧಕ್ಕೆ ವಿಷಯ ಹೊಳೆದಿತ್ತು: ‘ರೈತ ದೇಶದ ಬೆನ್ನೆಲುಬು’. ಆ ರಾಶಿ ನೋಡಿಯೇ ಹೊಳೆದದ್ದು.

ಹುಡುಗ ಬಂದ, ಬರೆದ. ‘ಇಂದಿನ ಆಧುನಿಕ ಯುಗದಲ್ಲಿ ರೈತನು ದೇಶದ ಬೆನ್ನೆಲುಬಾಗಿದ್ದಾನೆ. ಅವನು ಹಗಲಿರುಳು ದುಡಿದು ಬಂಗಾರದಂಥ ಬೆಳೆ ಬೆಳೆಯುತ್ತಾನೆ.’ ಎರಡು ಪ್ಯಾರಾ, ಉಪಸಂಹಾರ, ಕೊನೆಗೆ ಕರ್ತವ್ಯ. ಕಾಗುಣಿತ ತಪ್ಪಿಲ್ಲ, ಒಂದೂವರೆ ಪುಟ, ಗಂಟೆ ಬಾರಿಸುವ ಮೊದಲೇ ಪೆನ್ನು ಕೆಳಗಿಟ್ಟಿದ್ದ. ಐದಕ್ಕೆ ಐದು ಕೊಟ್ಟೆ. ‘ಬಂಗಾರದಂಥ ಬೆಳೆ’ಗೆ ಕೆಂಪು ಗೆರೆ ಎಳೆದು ‘ಉತ್ತಮ’ ಅಂತ ಬರೆದೆ. ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿ ಓದಿಸಿದೆ ಕೂಡ. ಅವನು ಓದುವಾಗ ಅವನ ಬೆರಳುಗಳಿಂದ ಈರುಳ್ಳಿ ವಾಸನೆ ಬರುತ್ತಿದ್ದಿರಬೇಕು. ಎರಡು ಮಾರು ದೂರದಲ್ಲಿದ್ದ ನನಗೆ ಬರಲಿಲ್ಲ.

ಅಂಕ ಹಾಕುವ ನನ್ನ ಪರಿಯನ್ನೂ ಹೇಳಿಬಿಡಬೇಕು. ಭಾನುವಾರ ಮಧ್ಯಾಹ್ನ, ಟಿ.ವಿ. ಹಚ್ಚಿಕೊಂಡು, ಮೂವತ್ತು ಚಿಲ್ಲರೆ ಪುಸ್ತಕ. ಪುಟ ತುಂಬಿದ್ದರೆ ನಾಲ್ಕರ ಮೇಲೆ, ಅರ್ಧ ಇದ್ದರೆ ಎರಡೂವರೆ. ಮೂರು ಭಾಗ ಕಣ್ಣಿಗೆ ಕಂಡರೆ ಓದಿದ ಹಾಗೆಯೇ. ಅಮೆರಿಕದ ಎಸ್‌ಎಟಿ ಪರೀಕ್ಷೆಗೆ 2005ರಲ್ಲಿ 25 ನಿಮಿಷದ ಪ್ರಬಂಧ ಸೇರಿಸಿದಾಗ, ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್ಮನ್ ಅದರ ಉತ್ತರಗಳನ್ನು ತಿರುವಿ ಹಾಕಿ, ಉದ್ದ ಇದ್ದಷ್ಟೂ ಅಂಕ ಜಾಸ್ತಿ, ದೂರದಿಂದ ಹಾಳೆ ನೋಡಿಯೇ ಅಂಕ ಹೇಳಬಹುದು ಅಂದಿದ್ದರಂತೆ. ಓದಿದಾಗ ಒಂದು ಕ್ಷಣ ಸಮಾಧಾನವಾಯಿತು, ಅಲ್ಲೂ ಇದೇ ಕಥೆ ಅಂತ. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಅಲ್ಲಿ ಅಂಕ ಹಾಕುವವರು ಆ ಮಕ್ಕಳ ಮುಖ ನೋಡಿದವರಲ್ಲ. ನಾನು ಅಂಗಳದ ರಾಶಿ ದಾಟಿ ಬಂದವನು.

ಇದು ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿ, ವಿದ್ಯಾಗಮ ಅಂತ ಗುಡಿ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದ ದಿನಗಳು. ಗಂಟೆ ಇಲ್ಲ, ಪರೀಕ್ಷೆ ಇಲ್ಲ. ಎಸ್‌ಎಸ್‌ಎಲ್‌ಸಿಗೆ ಬಂದಿದ್ದ ಆ ಹುಡುಗ ಹೈಸ್ಕೂಲು ಮುಚ್ಚಿದ್ದರಿಂದ ಅಲ್ಲೇ ಸುಳಿದಾಡುತ್ತಿದ್ದ. ಯಾಕೋ ನೆನಪಾಗಿ ಕೇಳಿದೆ: ‘ಅವತ್ತು ನಿಮ್ಮ ಈರುಳ್ಳಿ ಬಗ್ಗೆ ಯಾಕೋ ಬರೀಲಿಲ್ಲ?’

‘ಅದು ಪ್ರಬಂಧಕ್ಕೆ ಬರುತ್ತಾ ಸಾ?’

ಕೊಂಕು ಇರಲಿಲ್ಲ. ಪಠ್ಯದಲ್ಲಿ ಇದೆಯಾ ಇಲ್ಲವಾ ಅಂತ ಕೇಳುವ ಹಾಗೆ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ.

ಶಾಲೆ ಮತ್ತೆ ಸರಿಯಾಗಿ ನಡೆಯತೊಡಗಿದ ಮೇಲೆ ನಾನು ಹೊಸ ಮನುಷ್ಯನಾದೆ. ಅಂದರೆ ಹಾಗಂದುಕೊಂಡೆ. ಅಚ್ಚು ರದ್ದು, ‘ಆಧುನಿಕ ಯುಗ’ ರದ್ದು, ‘ನೀವು ಕಂಡದ್ದನ್ನು ಬರೆಯಿರಿ’ ಅಂತ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ವಿಷಯ ‘ಮಳೆ’. 31 ಮಕ್ಕಳಲ್ಲಿ 11 ಮಂದಿ ಹೆಸರು, ತಾರೀಕು ಬರೆದು ಖಾಲಿ ಕೊಟ್ಟರು. ಖಾಲಿ ಕೊಟ್ಟವರಲ್ಲಿ ತಾಂಡಾದಿಂದ ಬರುವ ಒಬ್ಬಳು ಚುರುಕಾದ ಹುಡುಗಿ. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಅವಳಿಗೆ ಶಾಲೆಯದು, ಬಸ್ಸಿನದು. ಎರಡು ವರ್ಷ ಶಾಲೆಯೂ ಸರಿಯಾಗಿ ಇರಲಿಲ್ಲ. ‘ಮೊದಲಿನ ನಾಕು ಲೈನು ಕೊಡ್ರಿ ಸಾ, ಆಮೇಲೆ ನಾನೇ ಬರೀತೀನಿ’ ಅಂದಳು. ‘ಇಲ್ಲ, ನೀನೇ ಯೋಚಿಸು’ ಅಂದೆ. ಅವಳ ಕಣ್ಣು ತುಂಬಿತು. ನನಗೆ ಬೇಲಿಯಾಗಿ ಕಂಡಿದ್ದು ಅವಳಿಗೆ ಹಿಡಿದುಕೊಂಡು ನಡೆಯುವ ಗೋಡೆಯಾಗಿತ್ತು. ಮೊದಲು ಮೇಲಿನವರ ಭಯಕ್ಕೆ ಅಚ್ಚು ಕೊಟ್ಟೆ, ಈಗ ನನ್ನ ಪಶ್ಚಾತ್ತಾಪದ ಜಂಬಕ್ಕೆ ಕಿತ್ತುಕೊಂಡೆ. ಎರಡು ಸಲವೂ ಮಕ್ಕಳನ್ನು ಒಂದು ಮಾತು ಕೇಳಿರಲಿಲ್ಲ.

ಮುಂದಿನ ವಾರ ನಾನೂ ಬರೆಯುತ್ತೇನೆ ಅಂದೆ. ಅದೇ 25 ನಿಮಿಷ, ಅದೇ ಗೋಡೆ ಗಡಿಯಾರ, ವಿಷಯ ಮಕ್ಕಳೇ ಕೊಡಬೇಕು. ‘ನಮ್ಮ ಮನೆಯ ಬಾಗಿಲು’ ಅಂತ ಕೊಟ್ಟರು. ಅಷ್ಟು ವರ್ಷದ ಸರ್ವಿಸಿನಲ್ಲಿ ಗಡಿಯಾರ ಇಟ್ಟುಕೊಂಡು ನಾನು ಒಂದು ಪ್ಯಾರಾ ಬರೆದವನಲ್ಲ ಅನ್ನುವುದು ಕುರ್ಚಿ ಮೇಲೆ ಕೂತಾಗ ನೆನಪಾಯಿತು. ಮೊದಲ ವಾಕ್ಯ ಬರೆದು ಹೊಡೆದು ಹಾಕಿದೆ, ಮತ್ತೆ ಬರೆದು ಹೊಡೆದು ಹಾಕಿದೆ. ತಲೆ ಎತ್ತಿದರೆ ಒಂಬತ್ತು ನಿಮಿಷ ಹೋಗಿತ್ತು. ಅಂಗೈ ಬೆವರಿ ಹಾಳೆ ಅಂಟುತ್ತಿತ್ತು. ಗಂಟೆ ಬಾರಿಸಿದಾಗ ನನ್ನ ಹಾಳೆಯಲ್ಲಿ ಇದ್ದದ್ದು ಹನ್ನೊಂದು ಗೆರೆ. ಮೊದಲ ಬೆಂಚಿನವರು ತಿದ್ದಿದರು. ಐದಕ್ಕೆ ಎರಡು. ‘ಉಪಸಂಹಾರ ಇಲ್ಲ ಸಾ’ ಅಂತ ಕೆಂಪು ಪೆನ್ನಲ್ಲಿ ಬರೆದಿದ್ದರು.

ಕೈ ಕಟ್ಟಿ ಹಾಕುವುದು ಮೊದಲ ವಾಕ್ಯ ಅನ್ನುವುದು ಅವತ್ತು ನನ್ನ ಕೈಗೇ ಗೊತ್ತಾಯಿತು. ಈಗ ಹೀಗೆ ಮಾಡುತ್ತೇವೆ: ಐದು ನಿಮಿಷ ಪಕ್ಕದವರ ಜೊತೆ ಮಾತು, ಮನೆಯಲ್ಲಿ ಆಡುವ ಭಾಷೆಯಲ್ಲಿ, ತೆಲುಗೋ ಲಂಬಾಣಿಯೋ ಕನ್ನಡವೋ. ಹೇಳಿದ್ದರಲ್ಲಿ ಮೂರು ಮಾತನ್ನು ಹಾಳೆಯ ಅಂಚಿಗೆ ಗೀಚಿಕೊಳ್ಳುವುದು. ಆಮೇಲೆ ಪುಟದ ಮೇಲೆ ನಾಲ್ಕು ಗೆರೆ ಖಾಲಿ ಬಿಟ್ಟು, ಹೆಚ್ಚು ಗೊತ್ತಿರುವ ಮಾತಿನಿಂದ ಸೀದಾ ಶುರು. ಕೊನೆಗೆ ಸಮಯ ಉಳಿದರೆ ಮೇಲೆ ಹೋಗಿ ಪೀಠಿಕೆ ತುಂಬುವುದು, ಬೇಕಿದ್ದವರಿಗೆ ಹಳೆಯ ಅಚ್ಚು ಗೋಡೆ ಮೇಲೆ ಚಾರ್ಟಿನಲ್ಲಿದೆ. ತಾಂಡಾದ ಹುಡುಗಿ ಆ ವರ್ಷವೆಲ್ಲ ಚಾರ್ಟು ನೋಡಿಕೊಂಡೇ ಬರೆದಳು. ನಾನು ಸುಮ್ಮನಿದ್ದೆ.

ಇಷ್ಟು ಹೇಳಿ ನಾನು ಸುಧಾರಿಸಿದೆ ಅಂದರೆ ಅದೂ ಒಂದು ಉಪಸಂಹಾರವಾದೀತು. 2023ರ ಮಾರ್ಚಿನಲ್ಲಿ ಐದನೇ ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು. ಜನವರಿಯಲ್ಲೇ ನಾನು ಅಚ್ಚನ್ನು ಚಾರ್ಟಿನಿಂದ ಬೋರ್ಡಿಗೆ ಇಳಿಸಿದೆ, ಬಾಯಿಪಾಠ ಒಪ್ಪಿಸಿಕೊಂಡೆ. ಮುಂದೆ ಎಸ್‌ಎಸ್‌ಎಲ್‌ಸಿ ಕನ್ನಡ ಪತ್ರಿಕೆಯಲ್ಲಿ 100 ಅಂಕಕ್ಕೆ ಮೂರು ಗಂಟೆ, ಓದಿಕೊಳ್ಳಲು ಹದಿನೈದು ನಿಮಿಷ ಬೇರೆ. ಅಂಕದ ಲೆಕ್ಕದಲ್ಲಿ ಹಂಚಿದರೆ, ಪ್ರಬಂಧಕ್ಕೆ ಐದು ಅಂಕ ಹಿಡಿದರೂ ಅದರ ಪಾಲಿಗೆ ಬರುವುದು ಒಂಬತ್ತು ನಿಮಿಷ, ನಾನು ಮೊದಲ ವಾಕ್ಯ ಹುಡುಕುತ್ತ ಕಳೆದಷ್ಟೇ. ಆ ಒಂಬತ್ತು ನಿಮಿಷ ಎದುರಿಗಿರುವ ಮಕ್ಕಳಿಗೆ ‘ಗೊತ್ತಿರುವ ಮಾತಿನಿಂದ ಶುರು ಮಾಡು’ ಅನ್ನುವ ಧೈರ್ಯ ಈಗಲೂ ನನಗಿಲ್ಲ. ಜೂನಿನಲ್ಲಿ ಒಬ್ಬ ಮೇಷ್ಟ್ರು, ಜನವರಿಯಲ್ಲಿ ಇನ್ನೊಬ್ಬ.

ಕಳೆದ ವಾರ ‘ನಾನು ಕಂಡ ಜಾತ್ರೆ’ ಕೊಟ್ಟಿದ್ದೆ. ನಮ್ಮ ಕಡೆ ಜಾತ್ರೆ ಅಂದರೆ ನಾಯಕನಹಟ್ಟಿಯದೇ, ತಿಪ್ಪೇರುದ್ರಸ್ವಾಮಿ ತೇರು. ಹರಕೆ ಹೊತ್ತವರು ಅಲ್ಲಿ ಕೊಬ್ಬರಿ ಸುಡುತ್ತಾರೆ. ಏಳನೇ ಕ್ಲಾಸಿನ ಒಬ್ಬಳು ಬರೆದಿದ್ದಾಳೆ: ‘ಕೊಬ್ಬರಿ ಹೊಗೆ ಕಣ್ಣಿಗೆ ಹೋಗಿ ನಮ್ಮಜ್ಜಿ ತೇರು ನೋಡಲೇ ಇಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಮುಗಿದಳು. ನಾನು ಈಗ ತೇರು ಹೋಯಿತು ಅಂತ ಸುಳ್ಳು ಹೇಳಿದೆ. ಇನ್ನೂ ಬಂದಿರಲಿಲ್ಲ.’ ಅಷ್ಟಕ್ಕೆ ಗಂಟೆ ಹೊಡೆದಿದೆ. ಉಪಸಂಹಾರ ಇಲ್ಲ. ಪುಟದ ಮೇಲೆ ಬಿಟ್ಟ ನಾಲ್ಕು ಗೆರೆ ಖಾಲಿಯೇ ಉಳಿದಿವೆ.

ಇಲಾಖೆಯ ಲೆಕ್ಕದಲ್ಲಿ ಪೀಠಿಕೆಗೆ ಒಂದು ಅಂಕ, ಕೊನೆಗೆ ಒಂದು. ನಾಳೆ ಪುಸ್ತಕ ವಾಪಸು ಕೊಡಬೇಕು. ಟಿ.ವಿ. ಆರಿಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದಿಟ್ಟು ಆಗಲೇ ಅರ್ಧ ಗಂಟೆಯಾಯಿತು.