ಪುಸ್ತಕದ ತೂಕ, ದಾರಿಯ ದೂರ

ಕನ್ನಡ ಪುಸ್ತಕಪ್ರಸಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮುದ್ರಣಾಲಯಗಳನ್ನು, ಪ್ರಕಾಶಕರನ್ನು, ಗ್ರಂಥಮಾಲೆಗಳನ್ನು ಸ್ಮರಿಸುತ್ತಾರೆ. ಅಚ್ಚಾದ ಪುಸ್ತಕವನ್ನು ಓದುಗನ ಮನೆಬಾಗಿಲಿಗೆ ಮುಟ್ಟಿಸಿದ ಅಂಚೆಯ ಉಲ್ಲೇಖ ಅಲ್ಲಿ ವಿರಳ.

ಕರ್ನಾಟಕಕ್ಕೆ ಅಂಚೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಉತ್ತರಾರ್ಧದಲ್ಲಿ ನೆಲೆಗೊಳಿಸಿದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಯಿತು. ಸಂಸ್ಥೆ ಕರಗಿದರೂ ಹೆಸರು ಉಳಿಯಿತು. ಆದರೆ ಅದು ಮೂಲತಃ ಅರಮನೆಗೆ ಸುದ್ದಿ ತರುವ ವ್ಯವಸ್ಥೆ. ಸಾಮಾನ್ಯನ ಕೈಗೆ ಅಂಚೆ ಎಟುಕಿದುದಕ್ಕೆ 1854ರ ಸುಧಾರಣೆ ಮುಖ್ಯ ಕಾರಣ. ಅಂದಿನಿಂದ ಶುಲ್ಕವನ್ನು ನಿರ್ಧರಿಸಿದುದು ತೂಕವೇ ಹೊರತು ದೂರವಲ್ಲ. ಕಾಲು ತೊಲದ ಪತ್ರಕ್ಕೆ, ಅದು ಪಕ್ಕದ ಊರಿಗೆ ಹೋಗಲಿ, ದೇಶದ ಇನ್ನೊಂದು ತುದಿಗೆ ಹೋಗಲಿ, ಅರ್ಧಾಣೆ. ಸಾಹಿತ್ಯದ ದೃಷ್ಟಿಯಿಂದ ಇದು ದೊಡ್ಡ ಮಾತು: ನಗರದಿಂದ ದೂರವಿರುವ ಓದುಗ ಆ ದೂರಕ್ಕಾಗಿ ದಂಡ ತೆರಬೇಕಾಗಿಲ್ಲ.

1877ರಲ್ಲಿ ವಿ.ಪಿ.ಪಿ., 1880ರಲ್ಲಿ ಮನಿಯಾರ್ಡರು ಬಂದವು. ಪ್ರಕಾಶಕನಿಗೆ ಓದುಗನ ಪರಿಚಯವಿಲ್ಲ. ಓದುಗನಿಗೆ ಪ್ರಕಾಶಕನಲ್ಲಿ ಭರವಸೆಯಿಲ್ಲ. ಪುಸ್ತಕ ಕೊಟ್ಟು ಹಣ ಪಡೆಯುವ ಅಂಚೆಯವನು ಇಬ್ಬರ ನಡುವಿನ ನಂಬಿಕೆಯಾದನು. ಹಾಗೆಂದು ಎಲ್ಲವೂ ಅಂಚೆಯಿಂದಲೇ ಆಯಿತೆನ್ನಲಾಗದು. ಈ ಸೌಲಭ್ಯಗಳಿದ್ದ ಕಾಲದಲ್ಲಿಯೇ ಗಳಗನಾಥರು ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದರು. ಅಂಚೆ ಪುಸ್ತಕವನ್ನು ಒಯ್ಯುವುದು ಕೇಳಿದವನಿಗೆ ಮಾತ್ರ. ಕೇಳುವವನನ್ನು ಹುಟ್ಟಿಸುವ ಕೆಲಸ ಲೇಖಕನದೇ ಆಗಿತ್ತು.

ಈಚಿನ ಬದಲಾವಣೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2024ರ ಡಿಸೆಂಬರಿನಲ್ಲಿ ನೋಂದಾಯಿತ ಬುಕ್ ಪೋಸ್ಟ್ ಸೇವೆ ನಿಂತಾಗ ಸಣ್ಣ ಪ್ರಕಾಶಕರು ಕಂಗೆಟ್ಟರು. ಕೆಲವು ಪುಸ್ತಕಗಳಿಗೆ ಅಂಚೆವೆಚ್ಚವೇ ಬೆಲೆಯನ್ನು ಮೀರುವ ಭಯವಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭವಾಯಿತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಗರಿಷ್ಠ 100 ರೂಪಾಯಿ ಎಂದು ದರ ಗೊತ್ತಾಯಿತು. ಕಟ್ಟು ಎಲ್ಲಿದೆಯೆಂದು ತಿಳಿಯುವ ಅನುಕೂಲವೂ ದೊರೆಯಿತು. ಪಠ್ಯಪುಸ್ತಕಗಳ ಜೊತೆಗೆ ಸಾಂಸ್ಕೃತಿಕ ಗ್ರಂಥಗಳಿಗೂ ಇದರಲ್ಲಿ ಅವಕಾಶವಿರುವುದು ಸಮಾಧಾನಕರ.

ಆದರೂ ಒಂದು ಕೊರತೆ ಉಳಿದಿದೆ. ನಿಯತವಾಗಿ ಹೊರಬರುವ ಪ್ರಕಟಣೆಗಳು ಜ್ಞಾನ ಪೋಸ್ಟಿನ ವ್ಯಾಪ್ತಿಗೆ ಬರುವುದಿಲ್ಲ. ಪತ್ರಿಕೆಗಳಿಗೆ ರಿಯಾಯಿತಿ ಕೊಡುತ್ತ ಬಂದ 1898ರ ಅಂಚೆ ಕಾಯಿದೆಯಾದರೋ, 31 ದಿನಗಳಿಗೆ ಮೀರದ ಅಂತರದಲ್ಲಿ ಪ್ರಕಟವಾಗುವಂಥವನ್ನು ಮಾತ್ರ ಪತ್ರಿಕೆಯೆಂದು ಪರಿಗಣಿಸಿತ್ತು. ಹೀಗಾಗಿ ತ್ರೈಮಾಸಿಕವು ಹಳೆಯ ಲೆಕ್ಕದಲ್ಲಿ ಪತ್ರಿಕೆಯೂ ಅಲ್ಲ, ಹೊಸ ಲೆಕ್ಕದಲ್ಲಿ ಪುಸ್ತಕವೂ ಅಲ್ಲ. 1919ರಲ್ಲಿ ಆರಂಭವಾದ ‘ಪ್ರಬುದ್ಧ ಕರ್ಣಾಟಕ’ದ ಕಾಲದಿಂದ ಕನ್ನಡದ ವಿದ್ವತ್ತು ಬೆಳೆದುದು ಬಹುಮಟ್ಟಿಗೆ ತ್ರೈಮಾಸಿಕಗಳಲ್ಲಿಯೇ. ಶಾಸನಪಾಠದ ತಿದ್ದುಪಡಿ, ಹಸ್ತಪ್ರತಿಯ ವಿವರ, ಕವಿಕಾಲದ ಚರ್ಚೆ ಇವೆಲ್ಲ ಗ್ರಂಥರೂಪ ತಾಳುವ ಮುನ್ನ ಅಲ್ಲಿ ಕಾಣಿಸಿಕೊಳ್ಳುತ್ತವೆ. ಚಂದಾದಾರರ ಸಂಖ್ಯೆ ಕಡಮೆಯಿರುವ ಇಂಥ ಪತ್ರಿಕೆಗೆ ಅಂಚೆವೆಚ್ಚವು ಅಳಿವು ಉಳಿವಿನ ಪ್ರಶ್ನೆ. ರಿಯಾಯಿತಿಯನ್ನು ನಿರ್ಧರಿಸುವಾಗ ಎರಡು ಸಂಚಿಕೆಗಳ ನಡುವಿನ ದಿನಗಳನ್ನು ಎಣಿಸುವುದಕ್ಕಿಂತ ಒಳಗಿನ ಬರೆಹ ಯಾವ ಬಗೆಯದೆಂದು ನೋಡುವುದು, 1854ರಲ್ಲಿ ದೂರದ ಲೆಕ್ಕವನ್ನು ಬಿಟ್ಟುಕೊಟ್ಟ ವ್ಯವಸ್ಥೆಗೆ ಅಸಾಧ್ಯವೇನಲ್ಲ.