ನಿನ್ನೆ ಕಂಡ್ರ್ಯಾ?

ನಮ್ಮೂರು ನಾವುಂದದಲ್ಲಿ ಆಗೆಲ್ಲ ಧಾರಾವಾಹಿಯೊಂದು ಟಿವಿಯಲ್ಲಿ ಮುಗಿದರೂ ಅರ್ಧ ಕತೆ ಬಾಕಿ ಇರುತ್ತಿತ್ತು. ಆ ಅರ್ಧ ಮರುದಿನ ಬಾವಿಕಟ್ಟೆಯಲ್ಲಿ, ಬಸ್ಸು ಕಾಯುವ ಗೋಳಿಮರದ ಬುಡದಲ್ಲಿ, ನಟ್ಟಿ ಗದ್ದೆಯ ಕೆಸರಿನಲ್ಲಿ ಮುಂದುವರಿಯುತ್ತಿತ್ತು. "ನಿನ್ನೆ ಕಂಡ್ರ್ಯಾ?" ಎಂದು ಒಬ್ಬರು ಕೇಳಿದರೆ ಸಾಕು. ಕಂಡವರು ಹೇಳುತ್ತಿದ್ದರು, ಕಾಣದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು, ನಡುವಲ್ಲಿ ಕರೆಂಟು ಹೋಗಿ ಕತೆ ತುಂಡಾದವರು ಅದಕ್ಕೂ ಇದಕ್ಕೂ ಗಂಟು ಹಾಕಿಕೊಳ್ಳುತ್ತಿದ್ದರು. ಹೇಳುವವರ ಬಾಯಲ್ಲಿ ಕತೆ ಒಂದಿಷ್ಟು ಬೆಳೆಯುತ್ತಿತ್ತು. ಅದನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ.

1987ರ ಜನವರಿಯಲ್ಲಿ ರಮಾನಂದ ಸಾಗರ್ ಅವರ 'ರಾಮಾಯಣ' ಶುರುವಾದಾಗ ನಮ್ಮ ಕೇರಿಗೆಲ್ಲ ಒಂದೇ ಟಿವಿ. ನಾವುಂದ ಆಗ ಕುಂದಾಪುರ ತಾಲೂಕು, ಜಿಲ್ಲೆ ದಕ್ಷಿಣ ಕನ್ನಡ. ಊರಿನ ಗಂಡಸರಲ್ಲಿ ಎಷ್ಟೋ ಜನ ಬೊಂಬಾಯಿಯ ಹೋಟೆಲುಗಳಲ್ಲಿದ್ದ ಕಾಲ ಅದು. ಹಾಗೆ ಹೋದ ಮಗನೊಬ್ಬ ಕಳಿಸಿದ ದುಡ್ಡಿನಿಂದ ಬಂದ ಪೆಟ್ಟಿಗೆ ಅದಾದ್ದರಿಂದ ಆ ಮನೆಗೆ 'ಟಿವಿ ಮನೆ' ಎಂದೇ ಹೆಸರು ಬಿತ್ತು. ಅಡಿಕೆ ಮರದ ಕಂಬಕ್ಕೆ ಆಂಟೆನಾ ಕಟ್ಟಿದ್ದರು. ಕಡಲ ಗಾಳಿ ಎದ್ದರೆ ಅದು ತಿರುಗಿಬಿಡುತ್ತಿತ್ತು, ಕಾಗೆ ಕೂತರೂ ಪರದೆ ತುಂಬ ಚುಕ್ಕಿ. ಒಬ್ಬ ಹುಡುಗ ಕಂಬ ಹಿಡಿದು ತಿರುಗಿಸಬೇಕು, ಒಬ್ಬ ಕಿಟಕಿಯಲ್ಲಿ ನಿಂತು ಕೂಗಬೇಕು. "ಬಂತಾ?" "ಬಂತ್, ಬಂತ್... ಹೋಯ್ತ್!" ಕಂಬ ಹಿಡಿದವನು ಆ ಭಾನುವಾರದ ರಾಮಾಯಣವನ್ನು ಕಿವಿಯಿಂದಲೇ ನೋಡುತ್ತಿದ್ದ. ಅವನಿಗೆ ಆಮೇಲೆ ಎಲ್ಲರೂ ಸೇರಿ ಕತೆ ಹೇಳಲೇಬೇಕಿತ್ತು.

ಹಿಂದಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ಮಾರಣಕಟ್ಟೆ, ಮಂದಾರ್ತಿ ಮೇಳದ ಯಕ್ಷಗಾನದ ಆಟಗಳನ್ನು ರಾತ್ರಿಯಿಡೀ ನೋಡಿ ಬೆಳೆದವರಿಗೆ ರಾಮಾಯಣ ತಿಳಿಯಲು ಹಿಂದಿ ಯಾಕೆ ಬೇಕು? ಅಜ್ಜಂದಿರು ಟಿವಿಯ ರಾವಣನನ್ನು ಮೇಳದ ರಾವಣನ ಪಕ್ಕದಲ್ಲಿಟ್ಟು ತೂಗುತ್ತಿದ್ದರು. ಚೆಂಡೆಯಿಲ್ಲದೆ ಬಂದು ನಿಲ್ಲುವ ರಾವಣ ಅವರಿಗೆ ಸಪ್ಪೆ. "ರಾವಣನ ಪ್ರವೇಶ ಕಾಣ್ಕ್ ಅಂದ್ರೆ ನಮ್ಮ್ ಆಟದಗೇ ಕಾಣ್ಕ್" ಎಂದು ಒಬ್ಬರು ತೀರ್ಪು ಕೊಟ್ಟರೆ, ಇನ್ನೊಬ್ಬರು ಟಿವಿಯಲ್ಲಿ ಬಾಣಕ್ಕೆ ಬಾಣ ತಾಗಿ ಬೆಂಕಿ ಹತ್ತುವುದನ್ನು ಮುಂದಿಟ್ಟು ವಾದಿಸುತ್ತಿದ್ದರು. ಅಶೋಕವನದ ದೃಶ್ಯ ಬಂದ ದಿನ ಹೆಂಗಸರ ಸಾಲಿನಲ್ಲಿ ಮೂಗು ಸೀಟುವ ಸದ್ದು. ಊರಿನ ಎಷ್ಟು ಗಂಡಂದಿರು ಸಮುದ್ರದಾಚೆಗೋ ಬೊಂಬಾಯಿಗೋ ಹೋಗಿ ವರ್ಷಗಟ್ಟಲೆ ಬರದೆ ಇದ್ದರು ಎಂಬುದು ಮಕ್ಕಳಾದ ನಮಗೆ ಆಗ ಹೊಳೆದಿರಲಿಲ್ಲ.

ಆಮೇಲೆ 1988ರ ಗಾಂಧಿ ಜಯಂತಿಗೆ 'ಮಹಾಭಾರತ' ಬಂತು. ಅದಕ್ಕೂ ಮೊದಲೇ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಬಂದಿತ್ತು. ಘಟ್ಟದ ಮೇಲಿನ ಆಗುಂಬೆಯಲ್ಲಿ ತೆಗೆದದ್ದಂತೆ ಎಂಬ ಸುದ್ದಿ ತಿಳಿದ ಮೇಲೆ ಆ ಊರಿನ ಬೀದಿ, ಜಗಲಿ, ಮಳೆ ಎಲ್ಲ ನಮ್ಮ ನೆಂಟರಿಷ್ಟರದ್ದೇ ಅನ್ನಿಸುತ್ತಿತ್ತು. ತೊಂಬತ್ತರ ಆಸುಪಾಸಿನಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬಂದಾಗಲಂತೂ ಟಿವಿ ಮನೆಯಿಂದ ನಮ್ಮ ಮನೆಗೆ ಹೋಗುವ ಓಣಿ ಇದ್ದಕ್ಕಿದ್ದಂತೆ ಉದ್ದವಾಗಿಬಿಟ್ಟಿತು. ಒಣ ಮಡಲಿನ ಸೂಡಿ ಹಚ್ಚಿಕೊಂಡು, ದೊಡ್ಡವರನ್ನು ಹಿಂದೊಬ್ಬರು ಮುಂದೊಬ್ಬರು ಮಾಡಿಕೊಂಡು, ಒಬ್ಬರ ಅಂಗಿ ಒಬ್ಬರು ಹಿಡಿದು ನಡೆಯುತ್ತಿದ್ದೆವು. ಕರಾವಳಿಯ ಮನೆ, ಕರಾವಳಿಯ ಕತ್ತಲೆ, ಕರಾವಳಿಯ ಭಯ. ಹೆದರಿಕೆಯನ್ನೂ ಹಂಚಿಕೊಂಡರೆ ಅದರಲ್ಲಿ ಎಷ್ಟು ಸುಖವಿದೆ ಎಂದು ಆ ಓಣಿಯಲ್ಲಿ ತಿಳಿಯಿತು.

ಒಂದು ಮಾತನ್ನು ಇಲ್ಲಿ ಬಿಟ್ಟು ಮುಂದೆ ಹೋದರೆ ಈ ನೆನಪಿಗೆ ಅರ್ಥವಿಲ್ಲ. ಎಲ್ಲರೂ ಒಟ್ಟಿಗೆ ನೋಡುತ್ತಿದ್ದೆವು ಎಂದು ಹೇಳಲು ಚೆನ್ನಾಗಿರುತ್ತದೆ. ಆದರೆ ಎಲ್ಲರಿಗೂ ಚಾವಡಿಯಲ್ಲಿ ಜಾಗವಿರಲಿಲ್ಲ. ಕೆಲವರು ಚಾಪೆಯ ಮೇಲೆ ಕೂರುತ್ತಿದ್ದರು, ಕೆಲವರು ಜಗಲಿಯ ಅಂಚಿನಲ್ಲಿ, ಇನ್ನು ಕೆಲವರು ಅಂಗಳದಲ್ಲಿ ನಿಂತು ಕಿಟಕಿಯ ಸರಳುಗಳ ನಡುವಿನಿಂದ. ಯಾರು ಎಲ್ಲಿ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಜಾತಿ ಅದನ್ನು ಮೊದಲೇ ಹೇಳಿಟ್ಟಿತ್ತು. ಮಳೆ ಬಂದರೆ ಅಂಗಳದವರು ಮಾಡಿನ ಹನಿಯಡಿ ನೆನೆಯುತ್ತಲೇ ನೋಡುತ್ತಿದ್ದರು. ಇಂದು ಅವರ ಮನೆಯಲ್ಲೂ ಗೋಡೆಗಂಟಿದ ದೊಡ್ಡ ಟಿವಿಯಿದೆ, ಅವರ ಮಕ್ಕಳು ಯಾರ ಕಿಟಕಿಯ ಹೊರಗೂ ನಿಲ್ಲುವುದಿಲ್ಲ. ಈ ಬದಲಾವಣೆಯನ್ನು ಕಳೆದುಕೊಂಡದ್ದರ ಪಟ್ಟಿಗೆ ಸೇರಿಸುವವರ ಜೊತೆ ನಾನಿಲ್ಲ. ನನ್ನ ನೋವು ಇನ್ನೊಂದು. ಅಂಗಳದಲ್ಲಿ ನಿಂತವರು ಒಳಗೆ ಬಂದು ಪಕ್ಕದಲ್ಲಿ ಕೂರುವ ದಿನ ಬರಬೇಕಿತ್ತು. ಅದು ಬರುವ ಮೊದಲೇ ಎಲ್ಲರೂ ತಮ್ಮ ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆವು.

ಓದಿನ ಕತೆಯೂ ಹೀಗೆಯೇ. ಮಣಿಪಾಲದ ಮುದ್ರಣಾಲಯದಿಂದ ಹೊರಟ 'ಉದಯವಾಣಿ' ಬೆಳಗಿನ ಬಸ್ಸಿನಲ್ಲಿ ಬಂದು ಹೆದ್ದಾರಿ ಬದಿಯ ಹೋಟೆಲು ಮುಟ್ಟುತ್ತಿತ್ತು. ಬನ್ಸಿನ ಎಣ್ಣೆಗೈಯಲ್ಲೇ ಜನ ಅದನ್ನು ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುತ್ತಿದ್ದರು. ಕ್ರಿಕೆಟ್ಟಿನ ಪುಟ ಒಬ್ಬರ ಕೈಯಲ್ಲಿ, ಮರಣ ವಾರ್ತೆಯ ಪುಟ ಇನ್ನೊಬ್ಬರ ಕೈಯಲ್ಲಿ. ತಮ್ಮ ಪುಟದಲ್ಲಿ ವಿಶೇಷವಿದ್ದರೆ ಗಟ್ಟಿಯಾಗಿ ಓದುವುದು ಒಂದು ಜವಾಬ್ದಾರಿ. ಓದು ಬಾರದ ಮೀನುಗಾರ ಅಜ್ಜನಿಗೆ ದೆಹಲಿಯ ರಾಜಕೀಯವೆಲ್ಲ ತಿಳಿದಿದ್ದುದು ಹೀಗೆ.

ವಾರಪತ್ರಿಕೆಯ ದಾರಿ ಇನ್ನೂ ಉದ್ದ. 1983ರಲ್ಲಿ ಶುರುವಾದ 'ತರಂಗ' ನಮ್ಮ ಜಿಲ್ಲೆಯದ್ದೇ ಪತ್ರಿಕೆಯೆಂಬ ಅಭಿಮಾನ, 'ಸುಧಾ' ಫ್ಯಾಂಟಮ್‌ಗಾಗಿ ಮಕ್ಕಳು ಮೊದಲು ಕಿತ್ತುಕೊಳ್ಳುವ ಪತ್ರಿಕೆ. ಯಾರ ಮನೆಯಿಂದ ಯಾರ ಮನೆಗೆ ಎಂಬ ಕ್ರಮವೊಂದಿತ್ತು. ತೆಗೆದುಕೊಂಡವರು ಓದಿ ಮುಗಿಸಿ ಮುಂದಿನ ಮನೆಗೆ ಮುಟ್ಟಿಸಬೇಕು. ಕೊನೆಯ ಮನೆ ತಲುಪುವ ಹೊತ್ತಿಗೆ ಮುಖಪುಟ ಹೋಗಿರುತ್ತಿತ್ತು, ಪದಬಂಧವನ್ನು ಮೂರು ಬಗೆಯ ಅಕ್ಷರಗಳು ತುಂಬಿರುತ್ತಿದ್ದವು, ಧಾರಾವಾಹಿ ಕಾದಂಬರಿಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ 'ಪಾಪ' ಎಂದು ಬರೆದಿರುತ್ತಿದ್ದರು. ಬರೆದವರು ಯಾರೆಂದು ಅಕ್ಷರದಿಂದಲೇ ಗೊತ್ತಾಗುತ್ತಿತ್ತು. ಆ ಅಂಚಿನ ಮಾತನ್ನು ನೋಡಲೆಂದೇ ನಾನು ಪತ್ರಿಕೆ ಕೊನೆಗೆ ಬರಲಿ ಎಂದು ಬಯಸುತ್ತಿದ್ದೆ.

ಮಳೆಗಾಲದ ಮಧ್ಯಾಹ್ನ ಅಮ್ಮಮ್ಮನಿಗೆ ಓದಿ ಹೇಳುವ ಕೆಲಸ ನನ್ನದು. ಅವರು ಗೋಡೆಗೊರಗಿ ಕಾಲು ನೀಡಿಕೊಂಡು ಹಿಡಿಕಡ್ಡಿ ಕೆರೆಯುತ್ತಿದ್ದರು, ಪಕ್ಕದ ಮನೆಯ ಹೆಂಗಸರು ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಬರುತ್ತಿದ್ದರು. ಹಲಸಿನ ಹಪ್ಪಳ ಕೆಂಡದಲ್ಲಿ ಸುಟ್ಟು, ತೆಂಗಿನೆಣ್ಣೆ ಸವರಿ, ಮಧ್ಯೆ ಇಟ್ಟರೆ ಓದು ಶುರು. ನಾನು ಒಂದು ಪುಟ ಓದುವಷ್ಟರಲ್ಲಿ ಅವರು ಹತ್ತು ಪ್ರಶ್ನೆ ಹಾಕುತ್ತಿದ್ದರು. "ಆ ಹುಡ್ಗಿ ಅಪ್ಪನ್ ಮನಿಗ್ ಯಾಕೆ ಹೋಪುಕಾಗ?" ಎಂದು ಅಮ್ಮಮ್ಮ ಕಾದಂಬರಿಕಾರರನ್ನೇ ತರಾಟೆಗೆ ತೆಗೆದುಕೊಂಡರೆ ಬೀಡಿ ಕಟ್ಟುವ ಕೈಗಳೆಲ್ಲ ನಿಂತು ಚರ್ಚೆ ನಡೆಯುತ್ತಿತ್ತು. ಕುಂದಾಪುರದ ವೈದೇಹಿಯವರ ಕತೆಗಳಲ್ಲಿ ನಮ್ಮ ಮನೆಯ ಮಾತೇ ಅಚ್ಚಾಗಿ ಬಂದುದನ್ನು ಓದಿದಾಗ ಆ ಹೆಂಗಸರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು, ಆಮೇಲೆ ಇನ್ನೊಮ್ಮೆ ಓದು ಎಂದರು. ಗೋಪಾಲಕೃಷ್ಣ ಅಡಿಗರು 1918ರಲ್ಲಿ ಹುಟ್ಟಿದ ಮೊಗೇರಿ ನಮಗೆ ತೀರ ಹತ್ತಿರ. ಅವರ ಕವಿತೆಯ ಒಳಗೆ ಹೋಗುವ ಶಕ್ತಿ ನನಗೆ ಬಂದದ್ದು ತುಂಬ ತಡವಾಗಿ. ಕತೆ ಕೇಳುವ, ಕೇಳಿದ್ದನ್ನು ಕೆದಕುವ ಅಭ್ಯಾಸ ಮಾತ್ರ ಈ ಹೆಂಗಸರಿಂದ ಬಂದದ್ದು.

'ಬಾಲಮಂಗಳ' ನಿಂತಿತು, 'ಚಂದಮಾಮ' ನಿಂತಿತು. 'ತರಂಗ', 'ಸುಧಾ' ಈಗಲೂ ಬರುತ್ತವೆ. ಆದರೆ ಮನೆಯಿಂದ ಮನೆಗೆ ನಡೆಯುವುದಿಲ್ಲ. ಅದಕ್ಕೆ ಫೋನು ಮಾತ್ರ ಕಾರಣವೆಂದು ನಾನು ಒಪ್ಪುವುದಿಲ್ಲ. ರಸ್ತೆಯೂ ಕಾರಣ. ನಮ್ಮೂರ ನಡುವೆ ಹಾದುಹೋಗುವ ಹೆದ್ದಾರಿಗೆ ಹದಿನೇಳು ಎಂಬ ಸಂಖ್ಯೆಯಿದ್ದಾಗ ಅದನ್ನು ದಾಟುವುದು ಒಂದು ಕೆಲಸವೇ ಆಗಿರಲಿಲ್ಲ. ಕಡಲ ಬದಿಯ ಮನೆಯವರು ಗದ್ದೆ ಬದಿಯ ಮನೆಗೆ ಸಂಜೆ ಸುಮ್ಮನೆ ನಡೆದು ಬರುತ್ತಿದ್ದರು. ಅದು ಅರವತ್ತಾರಾಯಿತು, ಚತುಷ್ಪಥವಾಯಿತು. ಗೋಳಿಮರ ಹೋಯಿತು, ಪತ್ರಿಕೆ ಹಂಚಿಕೊಂಡು ಓದುತ್ತಿದ್ದ ಹೋಟೆಲೂ ಹೋಯಿತು. ಮಂಗಳೂರಿನ ಆಸ್ಪತ್ರೆಗೆ ಬೇಗ ತಲುಪುತ್ತೇವೆ, ಅದರಿಂದ ಉಳಿದ ಜೀವಗಳಿವೆ, ಅದು ಸಣ್ಣ ಮಾತಲ್ಲ. ಆದರೆ ಎಪ್ಪತ್ತು ದಾಟಿದ ನನ್ನ ಚಿಕ್ಕಮ್ಮ ಆಚೆ ಬದಿಯ ಗೆಳತಿಯ ಮನೆಗೆ ಈಗ ಹೋಗುವುದಿಲ್ಲ. ಎರಡು ಮನೆಗಳೂ ಅಲ್ಲೇ ಇವೆ, ಒಬ್ಬರ ಮಾಡು ಇನ್ನೊಬ್ಬರಿಗೆ ಕಾಣುತ್ತದೆ. ನಡುವೆ ಓಡುವ ಗಾಡಿಗಳಿಗೆ ಹೆದರಿ ಅವರು ಗೇಟಿನ ಹತ್ತಿರ ನಿಂತು ವಾಪಸು ಬರುತ್ತಾರೆ.

2020ರಲ್ಲಿ, ಲಾಕ್‌ಡೌನಿನ ಆ ಮಾರ್ಚ್ ಕೊನೆಗೆ, ದೂರದರ್ಶನ ಅದೇ ರಾಮಾಯಣವನ್ನು ಮರುಪ್ರಸಾರ ಮಾಡಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದು ಅದೇ ಹೇಳಿಕೊಂಡಿತು. ನಾನೂ ಆ ಕೋಟಿಯಲ್ಲೊಬ್ಬ. ಅದೇ ರಾಮ, ಅದೇ ರಾವಣ, ಆಂಟೆನಾ ತಿರುಗಿಸುವ ತಾಪತ್ರಯವಿಲ್ಲ, ಚುಕ್ಕಿಯಿಲ್ಲ. ಮುಗಿದ ಮೇಲೆ ಹೊರಗೆ ಬಂದು ಯಾರೊಡನೆ ಮಾತಾಡಲಿ? ಆಗ ಕಾಯಿಲೆಯ ಭಯ ಬಾಗಿಲು ಹಾಕಿಸಿತ್ತು, ಸರಿ. ಕಾಯಿಲೆ ಹೋದ ಮೇಲೂ ಬಾಗಿಲು ತೆರೆಯಲಿಲ್ಲವಲ್ಲ.

ಒಮ್ಮೆ ಮಾತ್ರ ತೆರೆಯಿತು. 2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಿಡುಗಡೆಯಾದಾಗ. ನಮ್ಮ ಪಕ್ಕದ ಕೆರಾಡಿಯ ರಿಷಬ್ ಶೆಟ್ಟಿ, ಕೆರಾಡಿಯಲ್ಲೇ ತೆಗೆದ ಚಿತ್ರ. ಟಾಕೀಸು ಮರೆತಿದ್ದ ಅಜ್ಜಿಯಂದಿರು ರಿಕ್ಷಾ ಮಾಡಿಕೊಂಡು ಹೋದರು. ಕೊನೆಯ ದೃಶ್ಯದ ಬಗ್ಗೆ ಬಸ್ಸಿನಲ್ಲಿ ಗುರುತಿಲ್ಲದವರೂ ಮಾತಾಡಿದರು. ಕೋಲ ಕಟ್ಟುವವರ ಬದುಕಿನ ಬಗ್ಗೆ, ಕಾಡಿನ ಜಾಗದ ಬಗ್ಗೆ, ಯಾವುದು ಸರಿ ಯಾವುದು ಅತಿಯಾಯಿತು ಎಂಬ ಬಗ್ಗೆ ದಿನಗಟ್ಟಲೆ ವಾದ ನಡೆಯಿತು. ಊರು ಮತ್ತೆ ಒಂದೇ ಕತೆಯನ್ನು ಮಾತಾಡಿದ್ದನ್ನು ನಾನು ಕಿವಿತುಂಬ ಕೇಳಿದೆ. ಎರಡು ತಿಂಗಳೊಳಗೆ ಚಿತ್ರ ಫೋನಿಗೆ ಬಂತು. ನೋಡದವರೆಲ್ಲ ಅವರವರ ಕೋಣೆಯಲ್ಲಿ ನೋಡಿ ಮುಗಿಸಿದರು, ಮಾತೂ ಅಲ್ಲಿಗೆ ಮುಗಿಯಿತು.

ನಮ್ಮ ಮನೆಯ ಹುಡುಗರು ದಡ್ಡರಲ್ಲ. ಕೊರಿಯಾದ ಕತೆ, ಮಲಯಾಳದ ಕತೆ, ಸ್ಪೇನಿನ ಕತೆ ನೋಡುತ್ತಾರೆ, ನಾನು ಅವರ ವಯಸ್ಸಿನಲ್ಲಿ ಹೆಸರೂ ಕೇಳಿರದ ಲೋಕಗಳು ಅವರಿಗೆ ಪರಿಚಯ. ಆದರೆ ರಾತ್ರಿ ಊಟಕ್ಕೆ ಕೂತಾಗ ಅಣ್ಣ ನೋಡಿದ್ದು ತಂಗಿಗೆ ಗೊತ್ತಿಲ್ಲ, ತಂಗಿ ನೋಡಿದ್ದು ಅಮ್ಮನಿಗೆ ಗೊತ್ತಿಲ್ಲ. ಕೆಲವರು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾರಂತೆ. ಒಂದು ವಾರ ಕಾದು ಮುಂದಿನ ಕಂತು ನೋಡುತ್ತಿದ್ದ ನಮಗೆ ಆ ವಾರದ ಆರು ದಿನಗಳೇ ಮಾತಾಡುವ ದಿನಗಳಾಗಿದ್ದವು. ಇಡೀ ಸರಣಿಯನ್ನು ಒಂದೇ ರಾತ್ರಿಯಲ್ಲಿ ಮುಗಿಸುವವರು ಯಾವಾಗ ಮಾತಾಡುತ್ತಾರೆ? "ಎಂತ ಕಂಡ್ಯಾ ಮಗ, ನಂಗೂ ಹೇಳ್" ಎಂದು ಅಜ್ಜಿ ಕೇಳಿದರೆ "ಲಿಂಕ್ ಕಳಿಸ್ತೆ" ಎನ್ನುವ ಮಕ್ಕಳಿಗೆ ನಾನು ಹೇಳುವುದಿಷ್ಟೆ. ಅಜ್ಜಿಗೆ ಬೇಕಾದದ್ದು ನೀನು ಕೈಯಾಡಿಸುತ್ತ ಹೇಳುವ ಕತೆ.

ಚಿಕ್ಕಮ್ಮ ತಮ್ಮ ಕತೆ ಹೇಳಿಕೊಳ್ಳುವುದು ಈಗ ಮೀನು ತರುವ ಹೆಂಗಸಿಗೆ. ಮರವಂತೆ ಕಡೆಯಿಂದ ಬರುವ ಆಕೆಗೂ ಧಾರಾವಾಹಿಯ ಹುಚ್ಚಿದೆ. ಚಿಕ್ಕಮ್ಮ ಒಂದು ಚಾನೆಲ್ಲಿನ 'ಪುಟ್ಟಕ್ಕನ ಮಕ್ಕಳು' ನೋಡುತ್ತಿದ್ದಾಗ ಆಕೆ ಅದೇ ಹೊತ್ತಿಗೆ ಇನ್ನೊಂದು ಚಾನೆಲ್ಲಿನ ಕತೆ ನೋಡುತ್ತಿದ್ದಳು. ಹಾಗಾಗಿ ಒಬ್ಬರದ್ದು ಇನ್ನೊಬ್ಬರಿಗೆ ಪೂರ್ತಿ ಹೊಸದು. ಅವಳು ಬುಟ್ಟಿ ಇಳಿಸಿ ಕೂರುತ್ತಾಳೆ, ಚಿಕ್ಕಮ್ಮ ಚಾ ಕೊಡುತ್ತಾರೆ, ಬಂಗುಡೆಯ ರೇಟಿನ ಮಾತು ಆಮೇಲೆ. ಜೂನ್, ಜುಲೈ ತಿಂಗಳಲ್ಲಿ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆಕೆಯೂ ಬರುವುದು ಅಪರೂಪ. ಒಂದು ಮಳೆಗಾಲವಿಡೀ ಚಿಕ್ಕಮ್ಮ ಪುಟ್ಟಕ್ಕನ ಕಷ್ಟಗಳನ್ನೆಲ್ಲ ಮನಸ್ಸಿನಲ್ಲೇ ಕೂಡಿಟ್ಟುಕೊಂಡರು. ಆಗಸ್ಟಿನಲ್ಲಿ ಆಕೆ ಗೇಟು ತೆರೆಯುತ್ತಲೇ ಕೇಳಿದಳಂತೆ, "ಅಮ್ಮ, ಎಲ್ಲಿವರಿಗ್ ಬಂತ್ ನಿಮ್ ಕತಿ?"