ಪೌಂಡ್ ಗುರುತಿನ ಮರೆಯಲ್ಲಿದ್ದ ‘ನ’

ಅಕ್ಕನ ಮಗಳ ಮದುವೆಗೆ ಹದಿನೈದು ದಿನ ಉಳಿದಿತ್ತು. “ಸೋಬಾನೆ ಪದಗಳನ್ನ ಪ್ರಿಂಟ್ ತೆಗೆದುಕೊಡೋ, ಹುಡುಗೀರು ನೋಡ್ಕೊಂಡಾದ್ರೂ ಹಾಡಲಿ” ಎಂದಳು ಅಮ್ಮ. 2004ರಲ್ಲಿ ಅವಳು ಹೇಳುತ್ತ ಹೋದಂತೆ ನಾನೇ ಟೈಪ್ ಮಾಡಿಟ್ಟಿದ್ದ ಪದಗಳವು. ಹಳೆಯ ಪೆನ್‌ಡ್ರೈವಿನ ಕಡತವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಓರೆಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಹಣದ ಗುರುತು. ಎದೆ ಧಸಕ್ಕೆಂದಿತು.

ಆದರೆ ಕಡತ ಕೆಟ್ಟಿರಲಿಲ್ಲ. ನುಡಿ, ಬರಹದಂಥ ತಂತ್ರಾಂಶಗಳು ಕಂಪ್ಯೂಟರಿಗೆ ಕನ್ನಡ ತಂದುಕೊಟ್ಟ ದಿನಗಳಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದುದು ಹೆಚ್ಚೆಂದರೆ 256 ಮನೆಗಳು. ಇಂಗ್ಲಿಷಿನ ಆ ಮನೆಗಳಲ್ಲೇ ನಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದರು. ನನ್ನ ಕಡತದ ಫಾಂಟಿನಲ್ಲಿ ಪೌಂಡ್ ಗುರುತಿನ 163ನೇ ಮನೆ ‘ನ’ಕಾರದ್ದು. ಕಡತದಲ್ಲಿ ಉಳಿದಿದ್ದದ್ದು ಆ ಸಂಖ್ಯೆ ಮಾತ್ರ. ಫಾಂಟ್ ಇದ್ದರೆ ಅದು ‘ನ’, ಇಲ್ಲದಿದ್ದರೆ ಪೌಂಡ್. ಯೂನಿಕೋಡಿನಲ್ಲಿ ಹಾಗಲ್ಲ, ಅಲ್ಲಿ ‘ನ’ಕಾರಕ್ಕೆ 3240 ಎಂಬ ಸ್ವಂತ ಸಂಖ್ಯೆಯಿದೆ. ಯಾವ ಫಾಂಟಿಗೆ ಹೋದರೂ ಅದು ‘ನ’ವೇ.

ಮೊದಲು ಮೂಲ ಕಡತದ ಪ್ರತಿ ಮಾಡಿಕೊಂಡೆ. ಇಂಥ ಕೆಲಸವನ್ನು ಎಂದೂ ಮೂಲದ ಮೇಲೆ ಮಾಡಬಾರದು. ಅಕ್ಷರಗಳನ್ನು ಆಯ್ದು ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಿದೆ. ಆ ಫಾಂಟನ್ನು ಹುಡುಕಿ ಹಾಕಿದೊಡನೆ ಪುಟವೆಲ್ಲ ಕನ್ನಡವಾಯಿತು. ಪ್ರಿಂಟಿಗೆ ಅಷ್ಟೇ ಸಾಕಿತ್ತು. ಆದರೆ ಅಕ್ಕನ ಮೊಬೈಲಿನಲ್ಲೂ, ನಾಳೆ ಕೊಳ್ಳುವ ಕಂಪ್ಯೂಟರಿನಲ್ಲೂ ಅವು ಓದಿಸಿಕೊಳ್ಳಬೇಕಲ್ಲ? ಪರಿವರ್ತಕಕ್ಕೆ ಹಾಕಿ ಯೂನಿಕೋಡಿಗೆ ತಂದೆ.

ಅಲ್ಲಿ ಅರ್ಕಾವೊತ್ತು ತೊಡಕಾಯಿತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮುಂದೆ ಬರಬೇಕು. ಜಾಗ ತಪ್ಪಿದಲ್ಲೆಲ್ಲ ‘ಸೂರ್ಯ’ ‘ಸೂಯರ್’ ಆಗಿದ್ದ. ನಡುವೆ ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಟಿಪ್ಪಣಿಗಳೂ ಅರ್ಥವಿಲ್ಲದ ಕನ್ನಡವಾಗಿದ್ದವು. ಒಂದೊಂದನ್ನೇ ಮೂಲದ ಪಕ್ಕದಲ್ಲಿಟ್ಟು ತಿದ್ದಿದೆ.

ಕೊನೆಗೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ಹಾಡುತ್ತ ಹೋದಳು, ನಾನು ಪರದೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ಹಸೆಗೆ ಕರೆಯುವ ಪದದಲ್ಲಿ ನನ್ನ ಬೆರಳು ತಡವರಿಸಿತು. ಅವಳು ಹಾಡಿದ ಸಾಲು ಪರದೆಯಲ್ಲಿರಲಿಲ್ಲ. ಮೂಲದಲ್ಲಿ ಹುಡುಕಿದೆ. ಅಲ್ಲೂ ಇಲ್ಲ. “ಅವತ್ತೇ ಬಿಟ್ಟಿದ್ದೀಯ ಕಣೋ” ಎಂದಳು.

ಯಂತ್ರ ಕಳೆದದ್ದನ್ನು ಯಂತ್ರದಿಂದ ಹುಡುಕಬಹುದು. ನಾನು ಬರೆಯದೆ ಬಿಟ್ಟದ್ದು ಇಪ್ಪತ್ತು ವರ್ಷ ಅವಳ ಕೊರಳಲ್ಲಷ್ಟೇ ಉಳಿದಿತ್ತು. ಹಳೆಯ ಕಡತಗಳನ್ನು ತೆರೆಯುವುದಿದ್ದರೆ, ಅವುಗಳೊಳಗಿನದನ್ನು ಬಲ್ಲವರು ಪಕ್ಕದಲ್ಲಿರುವಾಗಲೇ ತೆರೆಯಬೇಕು.

“ಇನ್ನೊಂದ್ಸಲ ಹೇಳಮ್ಮ” ಎಂದೆ. ಅವಳು ನಿಧಾನವಾಗಿ ಹೇಳಿದಳು. ಈ ಸಲ ಪೂರ್ತಿ ಬರೆದುಕೊಂಡೆ.